ಒಳಗೆ ಹೋದ್ರೆ ಓಡುತ್ತೆ, ಹೊರಗಿಂದ ಕರೆದ್ರೆ ಓಡಲ್ಲ: ಎಸ್‌ಎಸ್‌ಎಚ್ ಕಮಾಂಡು ಮತ್ತು ಬ್ಯಾಶ್ ಸ್ಟಾರ್ಟಪ್ ಫೈಲುಗಳ ದೋಷ ನಿವಾರಣೆ

ಸರ್ವರ್ ಒಳಗೆ ಲಾಗಿನ್ ಆಗಿ ಕಮಾಂಡ್ ಹೊಡೆದ್ರೆ ನೀಟಾಗಿ ಓಡುತ್ತೆ, ಅದೇ ಕಮಾಂಡನ್ನ ನಮ್ಮ ಲ್ಯಾಪ್‌ಟಾಪಿಂದ ಎಸ್‌ಎಸ್‌ಎಚ್ (ದೂರದ ಮಶೀನನ್ನ ಸುರಕ್ಷಿತವಾಗಿ ಕರೆಯೋ ಟೂಲು) ಜೊತೆಗೇ ಒಂದೇ ಸಾಲಲ್ಲಿ ಕಳಿಸಿದ್ರೆ "ಕಮಾಂಡ್ ನಾಟ್ ಫೌಂಡ್" ಅಂತ ಬರುತ್ತೆ. ಆಗ ಹೆಚ್ಚಿನವರು ಏನ್ ಮಾಡ್ತಾರೆ ಅಂದ್ರೆ ಪಾತ್‌ಗೆ (ಕಮಾಂಡುಗಳನ್ನ ಹುಡುಕೋ ಡೈರೆಕ್ಟರಿಗಳ ಪಟ್ಟಿಗೆ) ಜಾಗ ಸೇರಿಸೋ ಒಂದೇ ಎಕ್ಸ್‌ಪೋರ್ಟ್ ಸಾಲನ್ನ, ಬ್ಯಾಶ್ ಶುರುವಾಗೋವಾಗ ಓದೋ ಫೈಲುಗಳಾದ ಬ್ಯಾಶ್‌ಆರ್‌ಸಿಗೂ ಹಾಕಿ, ಪ್ರೊಫೈಲ್‌ಗೂ ಹಾಕಿ, ಹೊಸದಾಗಿ ಒಂದು ಬ್ಯಾಶ್_ಪ್ರೊಫೈಲ್ ಮಾಡಿ ಅದಕ್ಕೂ ಹಾಕಿ, ಎಲ್ಲೋ ಒಂದ್ ಕಡೆ ಕೆಲಸ ಆಗಿದ ತಕ್ಷಣ ಬಿಟ್ಟುಬಿಡ್ತಾರೆ, ಆಮೇಲೆ ವರ್ಷನ್ ಬದಲಾಯಿಸೋ ದಿನ ಯಾವ ಸಾಲು ನಿಜವಾಗ್ಲೂ ಕೆಲಸ ಮಾಡ್ತಿದೆ ಅಂತ ಯಾರಿಗೂ ಗೊತ್ತಿರಲ್ಲ. ದಯವಿಟ್ಟು ಹಾಗ್ ಮಾಡ್ಬೇಡಿ. ಮೊದಲು ಯಾವ ಥರದ ಶೆಲ್ (ಕಮಾಂಡ್ ಓದಿ ಓಡಿಸೋ ಪ್ರೋಗ್ರಾಂ, ಬ್ಯಾಶ್ ಅಂಥದ್ದೊಂದು) ಶುರುವಾಗಿದೆ ಅಂತ ಅದೇ ದಾರೀಲಿ ಹೋಗಿ ನೋಡಿ, ಆಮೇಲೆ ಒಂದೇ ಒಂದು ಜಾಗದಲ್ಲಿ ಸಾಲು ಹಾಕಿ. ನಾನು ಹೇಳೋದು ಇಷ್ಟೇ, ಉಳಿದಿದ್ದೆಲ್ಲ ಅದನ್ನ ಹೇಗೆ ನೋಡೋದು ಅನ್ನೋ ವಿವರ.

ನಾನಿರೋದು ಮೈಸೂರಲ್ಲಿ, ಉದಾಹರಣೆಗೆ ತಗೊಂಡಿರೋ ಸರ್ವರ್ ಇರೋದು ಮಂಡ್ಯದಲ್ಲಿ, ಬೆಲ್ಲದ ಮಂಡಿಯೊಂದರ ಬಿಲ್ಲಿಂಗ್ ಮಶೀನು, ಉಬುಂಟು ಹಾಕಿದೆ. ರಾತ್ರಿ ಮೈಸೂರಿನ ಮಶೀನು ಅದನ್ನ ಕರೆದು, ದಿನದ ಲೆಕ್ಕವನ್ನ ಒಂದು ನೋಡ್‌ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸೋ ಪ್ರೋಗ್ರಾಂ, ಕಮಾಂಡಲ್ಲಿ ಬರೀ ನೋಡ್) ಸ್ಕ್ರಿಪ್ಟಿಂದ ಫೈಲಿಗೆ ಇಳಿಸಿ, ಆ ಫೈಲನ್ನ ಆರ್‌ಸಿಂಕಲ್ಲಿ (ಫೈಲ್ ನಕಲು ಮಾಡೋ ಟೂಲು) ಎಳ್ಕೋಬೇಕು. ಎಸ್‌ಎಸ್‌ಎಚ್ ಕಾನ್ಫಿಗ್ಗಲ್ಲಿ ಆ ಸರ್ವರ್‌ಗೆ ಬೆಲ್ಲ ಅಂತ ಹೆಸರಿಟ್ಟಿದೀನಿ. ಅಲ್ಲಿ ಮಂಡಿ ಲೆಕ್ಕ ನೋಡ್ಕೊಳ್ಳೋ ಹುಡುಗ ಫೋನ್ ಮಾಡಿ "ಅಣ್ಣ, ನಾನ್ ಒಳಿಕ್ ಹೋಗಿ ಹೊಡುದ್ರೆ ಬತ್ತದೆ, ನಿಮ್ ಸ್ಕ್ರಿಪ್ಟಲ್ ಮಾತ್ರ ಬರಾಕಿಲ್ಲ" ಅಂದ. ಅವನು ಹೇಳಿದ್ದು ಅಕ್ಷರಶಃ ಸರಿ, ಈ ದೋಷದ ಲಕ್ಷಣಾನ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.

ಕಮಾಂಡುಗಳನ್ನ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಟರ್ಮಿನಲ್ಲಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೀರಿ. ಪಾತ್, ಹೋಮ್, ಟ್ರೇಸ್ ಥರದ ವೇರಿಯಬಲ್ ಹೆಸರುಗಳು ದೊಡ್ಡಕ್ಷರದಲ್ಲಿ. ಚಿಹ್ನೆಗಳು ಇದ್ದ ಹಾಗೇ ಇವೆ.

ಶುರು ಮಾಡೋಕೆ ಮುಂಚೆ ಒಂದು ಎಚ್ಚರಿಕೆ

ಇನ್ನೊಂದು ಟರ್ಮಿನಲ್ಲಲ್ಲಿ ಅದೇ ಸರ್ವರ್‌ಗೆ ಒಂದು ಸೆಷನ್ ತೆಗೆದಿಟ್ಕೊಳ್ಳಿ, ಕೆಲಸ ಮುಗಿಯೋವರೆಗೂ ಅದನ್ನ ಮುಚ್ಚಬೇಡಿ. ಉಬುಂಟುನಲ್ಲಿ ಹೊರಗಿಂದ ಕಳಿಸೋ ಪ್ರತಿ ಕಮಾಂಡಿಗೂ ಬ್ಯಾಶ್‌ಆರ್‌ಸಿ ಓದ್ಕೊಂಡೇ ಶೆಲ್ ಶುರುವಾಗೋದು, ಹಾಗಾಗಿ ಅದರ ಮೇಲ್ಭಾಗದಲ್ಲಿ ರಿಟರ್ನ್ ಬದಲು ಎಕ್ಸಿಟ್ ಅಂತ ಬರೆದುಬಿಟ್ರೆ ಲಾಗಿನ್ನೂ ಆಗಲ್ಲ, ಎಸ್‌ಎಫ್‌ಟಿಪೀನೂ (ಎಸ್‌ಎಸ್‌ಎಚ್ ಮೇಲೆ ಫೈಲ್ ಸಾಗಿಸೋ ದಾರಿ) ಬರಲ್ಲ, ಬ್ಯಾಶ್‌ಆರ್‌ಸಿ ಓದ್ಬೇಡ ಅನ್ನೋ 'ಬ್ಯಾಶ್ --ನೋಆರ್‌ಸಿ' ಅಂತ ಕಳಿಸಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಆ ಕಮಾಂಡನ್ನ ಓಡಿಸೋ ಹೊರಗಿನ ಬ್ಯಾಶ್ ಮೊದಲೇ ಆ ಎಕ್ಸಿಟ್‌ಗೆ ಸಿಕ್ಕಿ ಹೊರಗೆ ಹೋಗಿರುತ್ತೆ. ತೆರೆದಿರೋ ಸೆಷನ್ ಒಂದಿದ್ರೆ ಒಂದು ಸಾಲು ಅಳಿಸಿದ್ರೆ ಮುಗೀತು, ಇಲ್ಲಾಂದ್ರೆ ಬಸ್ ಹತ್ಕೊಂಡು ಮಂಡ್ಯಕ್ಕೇ ಹೋಗ್ಬೇಕು. ಫೈಲ್ ತಿದ್ದಿದ ಮೇಲೆ 'ಬ್ಯಾಶ್ -ಎನ್ ~/.ಬ್ಯಾಶ್‌ಆರ್‌ಸಿ' ಓಡಿಸಿ, ಬರವಣಿಗೆ ತಪ್ಪಿದ್ರೆ ಅಲ್ಲೇ ಹೇಳುತ್ತೆ, ಆದ್ರೆ ಎಕ್ಸಿಟ್ ಬರೆದಿರೋದನ್ನ ಅದು ತಪ್ಪು ಅನ್ನಲ್ಲ, ಅದನ್ನ ನೀವೇ ನೋಡ್ಕೋಬೇಕು.

ಮೊದಲನೇ ಪರೀಕ್ಷೆ: ಎಂಥ ಶೆಲ್ ಇದು

ಎಸ್‌ಎಸ್‌ಎಚ್ ಬೆಲ್ಲ 'ಎಕೋ $-; ಶಾಪ್ಟ್ ಲಾಗಿನ್_ಶೆಲ್; ಎಕೋ $ಪಾತ್'

ಸಿಂಗಲ್ ಕೋಟ್ಸೇ ಹಾಕಿ. ಡಬಲ್ ಕೋಟ್ಸ್ ಹಾಕಿದ್ರೆ $ಪಾತ್ ಅನ್ನೋದು ನಿಮ್ಮ ಲ್ಯಾಪ್‌ಟಾಪಲ್ಲೇ ಬಿಚ್ಕೊಂಡು, ನಿಮ್ಮ ಲ್ಯಾಪ್‌ಟಾಪಿನ ಪಾತ್ ಸರ್ವರ್‌ಗೆ ಹೋಗಿ ವಾಪಸ್ ಬರುತ್ತೆ, ನೀವು ಅದನ್ನ ನೋಡಿ ಪಾತ್ ಸರಿಯಾಗೇ ಇದೆಯಲ್ಲ ಅಂದ್ಕೊಂಡು ಬೇರೆ ಎಲ್ಲೋ ಹುಡುಕೋಕೆ ಹೋಗ್ತೀರ. ಈ ಒಂದು ಕೋಟ್ ಇಂದ ಹಾಳಾಗೋ ಸಮಯ ಅಷ್ಟಿಷ್ಟಲ್ಲ.

ಬಂದಿದ್ದನ್ನ ಹೀಗೆ ಓದಿ. ಮೊದಲನೇ ಸಾಲಲ್ಲಿ ಸಣ್ಣ ಐ ಅಕ್ಷರ ಇದ್ರೆ ಅದು ಇಂಟರಾಕ್ಟಿವ್ ಶೆಲ್ (ಮನುಷ್ಯ ಕೂತು ಟೈಪ್ ಮಾಡೋಕೆ ಇರೋದು), ಇಲ್ಲಾಂದ್ರೆ ಅಲ್ಲ. ಎರಡನೇ ಸಾಲು ಆನ್ ಅಂದ್ರೆ ಲಾಗಿನ್ ಶೆಲ್, ಆಫ್ ಅಂದ್ರೆ ಅಲ್ಲ. ಹೊರಗಿಂದ ಕಮಾಂಡ್ ಕೊಟ್ಟಾಗ ಐ ಇರಲ್ಲ, ಲಾಗಿನ್_ಶೆಲ್ ಆಫ್ ಇರುತ್ತೆ. ಈಗ ಸುಮ್ನೆ 'ಎಸ್‌ಎಸ್‌ಎಚ್ ಬೆಲ್ಲ' ಅಂತ ಒಳಗೆ ಹೋಗಿ ಅದೇ ಮೂರು ಕಮಾಂಡ್ ಹೊಡೀರಿ, ಐ ಇರುತ್ತೆ, ಲಾಗಿನ್_ಶೆಲ್ ಆನ್ ಇರುತ್ತೆ, ಪಾತ್ ಉದ್ದ ಇರುತ್ತೆ. ಎರಡು ಪಾತ್‌ಗಳನ್ನ ಪಕ್ಕಪಕ್ಕ ಇಟ್ಟು ನೋಡಿ, ಯಾವ ಡೈರೆಕ್ಟರಿ ಕಾಣೆಯಾಗಿದೆಯೋ ಅದೇ ನಿಮ್ಮ ದೋಷ.

ಕಾರಣ ಇಷ್ಟು: ಕಮಾಂಡ್ ಇಲ್ಲದೆ ಹೋದ್ರೆ ಎಸ್‌ಎಸ್‌ಎಚ್‌ಡಿ (ಸರ್ವರ್ ಕಡೆ ಎಸ್‌ಎಸ್‌ಎಚ್ ಕರೆ ತಗೊಳ್ಳೋ ಪ್ರೋಗ್ರಾಂ) ನಿಮ್ಮ ಶೆಲ್ಲನ್ನ ಲಾಗಿನ್ ಶೆಲ್ ಆಗಿ ಶುರು ಮಾಡುತ್ತೆ, ಕಮಾಂಡ್ ಕೊಟ್ರೆ ಅದೇ ಶೆಲ್ಲನ್ನ -ಸಿ ಹಾಕಿ ಆ ಕಮಾಂಡನ್ನ ಮಾತ್ರ ಓಡಿಸೋಕೆ ಹೇಳುತ್ತೆ. -ಟಿ ಹಾಕಿದ್ರೆ ಟರ್ಮಿನಲ್ ಸಿಗುತ್ತೆ ಅಷ್ಟೇ, ಶೆಲ್ ಇಂಟರಾಕ್ಟಿವ್ ಆಗಲ್ಲ, ಲಾಗಿನ್ನೂ ಆಗಲ್ಲ. -ಟಿ ಹಾಕಿ ಸರಿಹೋಗುತ್ತೆ ಅಂತ ಕಾಯೋದು ಬೇಡ.

ಯಾವ ಶೆಲ್ ಅನ್ನೋದನ್ನೂ ಒಮ್ಮೆ ಖಾತ್ರಿ ಮಾಡ್ಕೊಳ್ಳಿ, ಎಸ್‌ಎಸ್‌ಎಚ್‌ಡಿ ನೋಡೋದು ಪಾಸ್‌ವರ್ಡ್ ಪಟ್ಟೀಲಿ ಆ ಯೂಸರ್ ಮುಂದೆ ಬರೆದಿರೋ ಶೆಲ್ಲನ್ನ. ಅಲ್ಲಿ ಜೆಡ್‌ಶೆಲ್ ಇದ್ರೆ ಕೆಳಗಿನ ಕತೆ ಬಹಳಷ್ಟು ಬೇಡ, ಜೆಡ್‌ಶೆಲ್ಲು .ಜೆಡ್‌ಶೆನ್ವ್ ಫೈಲನ್ನ ಎಲ್ಲ ಸಲಾನೂ ಓದುತ್ತೆ, ಪಾತ್ ಅಲ್ಲಿ ಹಾಕಿ ಮುಗಿಸಿ.

ಬ್ಯಾಶ್ ಏನೇನು ಓದುತ್ತೆ

ಲಾಗಿನ್ ಶೆಲ್ ಆದ್ರೆ ಮೊದಲು /ಇಟಿಸಿ/ಪ್ರೊಫೈಲ್, ಆಮೇಲೆ .ಬ್ಯಾಶ್_ಪ್ರೊಫೈಲ್, .ಬ್ಯಾಶ್_ಲಾಗಿನ್, .ಪ್ರೊಫೈಲ್, ಈ ಮೂರರಲ್ಲಿ ಮೊದಲು ಯಾವುದು ಸಿಗುತ್ತೋ ಅದೊಂದೇ, ಮೂರೂ ಅಲ್ಲ. ಇದನ್ನ ಗಮನದಲ್ಲಿಡಿ, ಯಾವುದೋ ಇನ್‌ಸ್ಟಾಲರ್ .ಬ್ಯಾಶ್_ಪ್ರೊಫೈಲ್ ಅಂತ ಹೊಸ ಫೈಲ್ ಮಾಡಿ ಹೋದ್ರೆ ನಿಮ್ಮ ಹಳೇ .ಪ್ರೊಫೈಲ್ ಅವತ್ತಿಂದ ಓದೋದೇ ನಿಂತುಹೋಗುತ್ತೆ, ಒಂದು ಎರರ್ ಕೂಡ ಬರಲ್ಲ.

ಲಾಗಿನ್ ಅಲ್ಲದ ಇಂಟರಾಕ್ಟಿವ್ ಶೆಲ್ ಆದ್ರೆ .ಬ್ಯಾಶ್‌ಆರ್‌ಸಿ. ಎರಡೂ ಅಲ್ಲದಿದ್ರೆ ನಿಯಮದ ಪ್ರಕಾರ ಬ್ಯಾಶ್_ಎನ್ವ್ ಅನ್ನೋ ವೇರಿಯಬಲ್ ಯಾವ ಫೈಲ್ ತೋರಿಸುತ್ತೋ ಅದು ಮಾತ್ರ, ಸಾಮಾನ್ಯವಾಗಿ ಅದು ಖಾಲಿ ಇರುತ್ತೆ.

ಆದ್ರೆ ಇಲ್ಲೊಂದು ವಿನಾಯಿತಿ ಇದೆ, ಗೊಂದಲ ಶುರುವಾಗೋದೇ ಅಲ್ಲಿಂದ. ನನ್ನನ್ನ ಎಸ್‌ಎಸ್‌ಎಚ್ ಕರೆದಿದೆ ಅಂತ ಬ್ಯಾಶಿಗೆ ಗೊತ್ತಾದ್ರೆ, ಇಂಟರಾಕ್ಟಿವ್ ಅಲ್ಲದಿದ್ರೂ ಅದು .ಬ್ಯಾಶ್‌ಆರ್‌ಸಿ ಓದುತ್ತೆ. ಇದು ಬ್ಯಾಶನ್ನ ಕಂಪೈಲ್ ಮಾಡೋವಾಗ ಆರಿಸೋ ಒಂದು ಆಯ್ಕೆ, ಡೆಬಿಯನ್ ಮತ್ತು ಉಬುಂಟುನವರು ಅದನ್ನ ಆನ್ ಮಾಡಿದಾರೆ, ಮೂಲ ಸೋರ್ಸಲ್ಲಿ ಅದು ಆಫ್ ಇರುತ್ತೆ. ಹಾಗಾಗಿ ಬೇರೆ ಡಿಸ್ಟ್ರೋ ಹಾಕಿರೋ ಮಶೀನಲ್ಲಿ ನಡೆದಿದ್ದು ಇಲ್ಲಿ ನಡೆಯುತ್ತೆ ಅಂತ ನಂಬ್ಕೋಬೇಡಿ.

ಸರಿ, ಬ್ಯಾಶ್‌ಆರ್‌ಸಿ ಓದುತ್ತೆ ಅಂದ್ಮೇಲೆ ಅದರಲ್ಲಿರೋ ಎಕ್ಸ್‌ಪೋರ್ಟ್ ಯಾಕೆ ಕೆಲಸ ಮಾಡಲ್ಲ? ಉಬುಂಟು ಕೊಡೋ ಬ್ಯಾಶ್‌ಆರ್‌ಸಿ ತೆಗೆದು ಮೊದಲ ಕೆಲವು ಸಾಲು ನೋಡಿ. $- ಒಳಗೆ ಐ ಅಕ್ಷರ ಇದೆಯಾ ಅಂತ ಕೇಳೋ ಒಂದು ಕೇಸ್ ಇದೆ, ಇಲ್ಲದಿದ್ರೆ ಅಲ್ಲೇ ರಿಟರ್ನ್. ಅಂದ್ರೆ ಫೈಲ್ ಓದೋಕೆ ಶುರು ಮಾಡುತ್ತೆ, ಐ ಇಲ್ಲ ಅಂತ ಗೊತ್ತಾದ ತಕ್ಷಣ ವಾಪಸ್. ಎನ್‌ವಿಎಂ (ನೋಡ್ ವರ್ಷನ್‌ಗಳನ್ನ ಹಾಕಿ ಬದಲಾಯಿಸೋ ಟೂಲು) ಅಂಥ ಇನ್‌ಸ್ಟಾಲರುಗಳು ತಮ್ಮ ಸಾಲುಗಳನ್ನ ಹಾಕೋದು ಫೈಲಿನ ಕೊನೇಲಿ, ನಾವೂ ಎಡಿಟರ್ ತೆಗೆದು ಸೀದಾ ಕೆಳಗೆ ಹೋಗಿ ಬರೀತೀವಿ. ಆ ಸಾಲುಗಳ ಹತ್ತಿರಕ್ಕೆ ಬ್ಯಾಶ್ ಬರೋದೇ ಇಲ್ಲ. ಮಂಡಿಯ ಮಶೀನಲ್ಲಿ ಆಗಿದ್ದೂ ಇದೇ.

ಕಣ್ಣಾರೆ ನೋಡೋ ದಾರಿ

ಊಹೆ ಬೇಡ, ಗುರುತು ಹಾಕಿ ನೋಡಿ. ಪ್ರತಿ ಸ್ಟಾರ್ಟಪ್ ಫೈಲಿನ ಮೊದಲ ಸಾಲಿಗೂ ಕೊನೇ ಸಾಲಿಗೂ ಒಂದೊಂದು ಗುರುತು, ಹೀಗೆ:

ಎಕ್ಸ್‌ಪೋರ್ಟ್ ಟ್ರೇಸ್="$ಟ್ರೇಸ್ ಬ್ಯಾಶ್‌ಆರ್‌ಸಿ-ಮೇಲೆ"
ಎಕ್ಸ್‌ಪೋರ್ಟ್ ಟ್ರೇಸ್="$ಟ್ರೇಸ್ ಬ್ಯಾಶ್‌ಆರ್‌ಸಿ-ಕೆಳಗೆ"

.ಪ್ರೊಫೈಲ್‌ಗೂ ಹಾಗೇ. ಆಮೇಲೆ ಹೊರಗಿಂದ 'ಎಕೋ $ಟ್ರೇಸ್' ಕೇಳಿ. ಬರೀ "ಬ್ಯಾಶ್‌ಆರ್‌ಸಿ-ಮೇಲೆ" ಅಂತ ಬಂದ್ರೆ ರಿಟರ್ನ್ ಸಾಲಿಗೆ ಸಿಕ್ಕಿದೆ ಅಂತ. ಏನೂ ಬರದಿದ್ರೆ ಆ ಬ್ಯಾಶ್ ಎಸ್‌ಎಸ್‌ಎಚ್ ವಿನಾಯಿತಿ ಇಲ್ಲದ್ದು, ಇಲ್ಲಾ ಶೆಲ್ಲೇ ಬೇರೆ. ಎಕೋ ಹಾಕಿ ನೋಡಬಹುದಲ್ಲ ಅನ್ನಿಸುತ್ತೆ, ಆದ್ರೆ ಸ್ಟಾರ್ಟಪ್ ಫೈಲಲ್ಲಿ ಎಕೋ ಹಾಕಿದ್ರೆ ಫೈಲ್ ಕಳಿಸೋದು ಕೆಟ್ಟುಹೋಗುತ್ತೆ, ಅದನ್ನ ಮುಂದೆ ಹೇಳ್ತೀನಿ. ಗುರುತಿನ ಕೆಲಸ ಮುಗಿದ ಮೇಲೆ ಸಾಲುಗಳನ್ನ ತೆಗೀರಿ.

ಸರಿಪಡಿಸೋ ದಾರಿಗಳು, ಮತ್ತು ಯಾವುದನ್ನ ಬಿಡ್ಬೇಕು

ಎಲ್ಲರೂ ಮೊದಲು ಹೇಳೋದು ಲಾಗಿನ್ ಶೆಲ್ ಮಾಡಿ ಓಡಿಸಿ ಅಂತ, ಅಂದ್ರೆ ಬ್ಯಾಶ್ -ಎಲ್‌ಸಿ. ಇದರಲ್ಲಿ ಎರಡು ಗುಂಡಿ ಇದೆ, ಎರಡನ್ನೂ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಒಂದು, ಕೋಟ್ಸ್. ಹೀಗೆ ಹೊಡೆದ್ರೆ ತಪ್ಪು:

ಎಸ್‌ಎಸ್‌ಎಚ್ ಬೆಲ್ಲ ಬ್ಯಾಶ್ -ಎಲ್‌ಸಿ 'ನೋಡ್ ಲೆಕ್ಕ.ಜೆಎಸ್'

ನಿಮ್ಮ ಕಡೆ ಶೆಲ್ ಕೋಟ್ಸನ್ನ ಕಿತ್ತುಹಾಕುತ್ತೆ, ಎಸ್‌ಎಸ್‌ಎಚ್ ಉಳಿದ ಪದಗಳನ್ನೆಲ್ಲ ಸ್ಪೇಸ್ ಹಾಕಿ ಜೋಡಿಸಿ ಕಳಿಸುತ್ತೆ, ಅಲ್ಲಿಗೆ ತಲುಪೋದು ಬ್ಯಾಶ್ -ಎಲ್‌ಸಿ ನೋಡ್ ಲೆಕ್ಕ.ಜೆಎಸ್ ಅಂತ. -ಸಿ ತಗೊಳ್ಳೋದು ನೋಡ್ ಅನ್ನೋ ಒಂದೇ ಪದಾನ, ಲೆಕ್ಕ.ಜೆಎಸ್ ಅನ್ನೋದು $0 ಆಗಿ ಪಕ್ಕಕ್ಕೆ ಹೋಗುತ್ತೆ, ಆಗ ನೋಡ್ ಪಾತಲ್ಲಿದ್ರೆ ಬರೀ ನೋಡ್ ಶುರುವಾಗಿ ಯಾರಾದ್ರೂ ಏನಾದ್ರೂ ಟೈಪ್ ಮಾಡ್ತಾರೇನೋ ಅಂತ ಕಾಯ್ತಾ ಕೂತ್ಕೊಳ್ಳುತ್ತೆ, ನೀವು ನೆಟ್‌ವರ್ಕ್ ನಿಧಾನ ಅಂದ್ಕೊಳ್ತೀರ. ಸರಿಯಾದದ್ದು ಹೊರಗೊಂದು ಒಳಗೊಂದು ಕೋಟ್:

ಎಸ್‌ಎಸ್‌ಎಚ್ ಬೆಲ್ಲ "ಬ್ಯಾಶ್ -ಎಲ್‌ಸಿ 'ನೋಡ್ ಲೆಕ್ಕ.ಜೆಎಸ್'"

ಎರಡು, ಕೋಟ್ಸ್ ಸರಿಮಾಡಿದ್ರೂ ಎನ್‌ವಿಎಂ ನೋಡ್ ಸಿಗಲ್ಲ! ಯಾಕಂದ್ರೆ -ಎಲ್ ಹಾಕಿದ್ರೆ ಲಾಗಿನ್ ಆಯ್ತು ನಿಜ, ಇಂಟರಾಕ್ಟಿವ್ ಆಗಲಿಲ್ಲ. .ಪ್ರೊಫೈಲ್ ಓದುತ್ತೆ, ಅದು .ಬ್ಯಾಶ್‌ಆರ್‌ಸಿಯನ್ನ ಕರೆಯುತ್ತೆ, ಅಲ್ಲಿ ಮತ್ತೆ ಅದೇ ಕೇಸ್, ಐ ಇಲ್ಲ, ರಿಟರ್ನ್. ಆ ರಿಟರ್ನ್ ಬ್ಯಾಶ್‌ಆರ್‌ಸಿಯಿಂದ ಮಾತ್ರ ಹೊರಗೆ ತರೋದು, .ಪ್ರೊಫೈಲ್ ಮುಂದುವರೀತಾ ~/ಬಿನ್ ಮತ್ತು ~/.ಲೋಕಲ್/ಬಿನ್ ಇದ್ರೆ ಪಾತ್‌ಗೆ ಸೇರಿಸುತ್ತೆ. ಹಾಗಾಗಿ ಪೈಥಾನ್ ಟೂಲ್ ಒಂದು ~/.ಲೋಕಲ್/ಬಿನ್ನಲ್ಲಿ ಕೂತಿದ್ರೆ -ಎಲ್‌ಸಿ ಇಂದ ಸರಿಹೋಗುತ್ತೆ, ಎನ್‌ವಿಎಂ ಇಂದ ಬಂದ ನೋಡ್ ಸರಿಹೋಗಲ್ಲ. ಒಬ್ಬರಿಗೆ ಆಯ್ತು ಇನ್ನೊಬ್ಬರಿಗೆ ಆಗಲಿಲ್ಲ ಅನ್ನೋ ಜಗಳಕ್ಕೆ ಕಾರಣ ಇದು.

-ಐಸಿ ಹಾಕಿದ್ರೆ ಪೂರ್ತಿ ಓದುತ್ತೆ, ನಿಜ, ಆದ್ರೆ ಟರ್ಮಿನಲ್ ಇಲ್ಲದೆ ಇಂಟರಾಕ್ಟಿವ್ ಅಂತ ಸುಳ್ಳು ಹೇಳಿದಂಗೆ, "ನೋ ಜಾಬ್ ಕಂಟ್ರೋಲ್ ಇನ್ ದಿಸ್ ಶೆಲ್" ಅಂತ ಗೊಣಗುತ್ತೆ, ಅಲಿಯಾಸ್‌ಗಳೂ ಜೀವ ತಗೊಂಡು ಸ್ಕ್ರಿಪ್ಟಿನ ಆರ್‌ಎಂ ಇನ್ನೇನೋ ಆಗಿರುತ್ತೆ. ರಾತ್ರಿ ತಾನೇ ಓಡೋ ಕೆಲಸಕ್ಕೆ ಇದನ್ನ ನಾನು ಹಾಕಲ್ಲ.

ಪೂರ್ತಿ ಪಾತ್ ಬರೆಯೋದು ಸುಲಭ, ಒಂದೇ ಕಮಾಂಡ್ ಇದ್ರೆ ಅದನ್ನೇ ಮಾಡಿ. ಆದ್ರೆ ಎನ್‌ವಿಎಂ ವಿಷಯದಲ್ಲಿ ಪಾತ್ ಒಳಗೇ ವರ್ಷನ್ ನಂಬರ್ ಇರುತ್ತೆ, ಅಪ್‌ಗ್ರೇಡ್ ಆದ ರಾತ್ರಿ ಮುರೀತು. ಜೊತೆಗೆ ಎನ್‌ಪಿಎಂ (ನೋಡ್ ಪ್ಯಾಕೇಜ್ ಹಾಕೋ ಟೂಲು) ಥರದವು ಮೊದಲನೇ ಸಾಲಲ್ಲಿ 'ಎನ್ವ್ ನೋಡ್' ಅಂತ ಬರ್ಕೊಂಡಿರ್ತವೆ, ಅವುಗಳನ್ನ ಪೂರ್ತಿ ಪಾತಿಂದ ಕರೆದ್ರೂ ಅವು ಒಳಗೆ ನೋಡನ್ನ ಪಾತಲ್ಲೇ ಹುಡುಕ್ತವೆ.

ಮಂಡಿಯ ಸರ್ವರ್‌ಗೆ ಮಾಡಿದ್ದು ಇದು. ಎನ್‌ವಿಎಂ ಒಳಗಿನ ನೋಡ್ ಡೈರೆಕ್ಟರಿಗೆ ~/ನೋಡ್-ಈಗ ಅಂತ ಒಂದು ಸಿಮ್‌ಲಿಂಕ್ (ಇನ್ನೊಂದು ಜಾಗಕ್ಕೆ ತೋರಿಸೋ ಹೆಸರು), ಅಪ್‌ಗ್ರೇಡ್ ಆದಾಗ ಅದೊಂದನ್ನ ತಿರುಗಿಸಿದ್ರೆ ಸಾಕು. ಆಮೇಲೆ .ಬ್ಯಾಶ್‌ಆರ್‌ಸಿಯ ತುತ್ತತುದೀಲಿ, ಕೇಸ್ ಸಾಲಿಗಿಂತ ಮೇಲೆ, ಇಷ್ಟು:

ಕೇಸ್ ":$ಪಾತ್:" ಇನ್
*":$ಹೋಮ್/ನೋಡ್-ಈಗ/ಬಿನ್:"*) ;;
*) ಎಕ್ಸ್‌ಪೋರ್ಟ್ ಪಾತ್="$ಹೋಮ್/ನೋಡ್-ಈಗ/ಬಿನ್:$ಪಾತ್" ;;
ಎಸ್ಯಾಕ್

ಈಗಾಗ್ಲೇ ಪಾತಲ್ಲಿದ್ರೆ ಮತ್ತೆ ಸೇರಿಸ್ಬೇಡ ಅಂತ ಕೇಳೋ ಕೇಸ್ ಅದು, ಇಲ್ಲಾಂದ್ರೆ ಶೆಲ್ ಒಳಗೆ ಶೆಲ್ ತೆಗೆದ ಹಾಗೆಲ್ಲ ಪಾತ್ ಉದ್ದ ಆಗ್ತಾ ಹೋಗುತ್ತೆ. ಲಾಗಿನ್ ಆದಾಗ .ಪ್ರೊಫೈಲ್ ಇದೇ ಫೈಲನ್ನ ಕರೆಯೋದ್ರಿಂದ ಎರಡೂ ದಾರಿಗೆ ಒಂದೇ ಜಾಗ ಸಾಕು. .ಬ್ಯಾಶ್_ಪ್ರೊಫೈಲ್ ಇದ್ರೆ ಮಾತ್ರ ಅದರೊಳಗೆ .ಪ್ರೊಫೈಲನ್ನ ಕರೆಯೋ ಸಾಲು ಇದೆಯಾ ನೋಡಿ. ಎನ್‌ವಿಎಂ ಸ್ಕ್ರಿಪ್ಟನ್ನೇ ಎತ್ತಿ ಮೇಲಕ್ಕೆ ಹಾಕ್ಬೇಡಿ, ಅದು ನಿಧಾನ, ಪ್ರತಿ ಆರ್‌ಸಿಂಕ್, ಪ್ರತಿ ಗಿಟ್ ಪುಲ್ ಮೇಲೂ ಆ ಭಾರ ಬೀಳುತ್ತೆ. ಮತ್ತೆ ಆ ಕೇಸ್ ರಿಟರ್ನನ್ನ ಅಳಿಸೋಕೂ ಹೋಗ್ಬೇಡಿ, ಅದು ಒಳ್ಳೇ ಉದ್ದೇಶಕ್ಕೇ ಇದೆ.

ಮಶೀನಿನ ಎಲ್ಲ ಯೂಸರ್‌ಗೂ ಬೇಕಾದ ವೇರಿಯಬಲ್ ಆದ್ರೆ /ಇಟಿಸಿ/ಎನ್ವಿರಾನ್ಮೆಂಟ್. ಅದನ್ನ ಓದೋದು ಶೆಲ್ ಅಲ್ಲ, ಪ್ಯಾಮ್ (ಲಾಗಿನ್ ನೋಡ್ಕೊಳ್ಳೋ ವ್ಯವಸ್ಥೆ). ಹಾಗಾಗಿ ಅಲ್ಲಿ $ಪಾತ್ ಅಂತ ಬರೆದ್ರೆ ಬಿಚ್ಕೊಳ್ಳಲ್ಲ, ಅಕ್ಷರಶಃ ಡಾಲರ್ ಪಾತ್ ಅಂತಾನೇ ಕೂತ್ಕೊಳ್ಳುತ್ತೆ, ಪೂರ್ತಿ ಪಟ್ಟಿ ಬರೀಬೇಕು. ಎಸ್‌ಎಸ್‌ಎಚ್ ಕನೆಕ್ಷನ್ ಹಂಚ್ಕೊಳ್ಳೋ ಕಂಟ್ರೋಲ್‌ಮಾಸ್ಟರ್ ಇಟ್ಕೊಂಡಿದ್ರೆ 'ಎಸ್‌ಎಸ್‌ಎಚ್ -ಓ ಎಕ್ಸಿಟ್ ಬೆಲ್ಲ' (ಓ ದೊಡ್ಡಕ್ಷರ) ಕೊಟ್ಟು ಹಳೇದನ್ನ ಮುಚ್ಚಿ ಹೊಸದಾಗಿ ಹೋಗಿ ನೋಡಿ, ಇಲ್ಲದಿದ್ರೆ ಬದಲಾವಣೆ ಕಾಣಲ್ಲ. ಎಸ್‌ಎಸ್‌ಎಚ್‌ಡಿಯ ಪರ್ಮಿಟ್‌ಯೂಸರ್‌ಎನ್ವಿರಾನ್ಮೆಂಟ್ ಅನ್ನೋದು ಮಾಮೂಲಾಗಿ ಆಫ್ ಇರುತ್ತೆ, ಆಫೇ ಇರಲಿ, ಅದನ್ನ ಆನ್ ಮಾಡಿದ್ರೆ ಯೂಸರ್ ಎಲ್‌ಡಿ_ಪ್ರಿಲೋಡ್ ಥರದ್ದನ್ನ ಹಾಕಿ ನಿರ್ಬಂಧ ದಾಟೋ ಸಾಧ್ಯತೆ ಇದೆ ಅಂತ ಅದರ ಮ್ಯಾನ್ಯುಯಲ್ಲೇ ಹೇಳುತ್ತೆ.

3769ರಿಂದ ಶುರುವಾಗೋ ದೊಡ್ಡ ಸಂಖ್ಯೆ ಬಂದ್ರೆ

ನೋಡ್ ಓಡಿತು, ಫೈಲ್ ಬರಲಿಲ್ಲ. ಆರ್‌ಸಿಂಕ್ ಬಿಟ್ಟು ಎಸ್‌ಎಫ್‌ಟಿಪೀಲಿ ಎಳೆದು ನೋಡಿದ್ರೆ ಅದು "ರಿಸೀವ್ಡ್ ಮೆಸೇಜ್ ಟೂ ಲಾಂಗ್ 3769805024" ಅಂತ ಹೇಳಿ ನಿಂತುಹೋಯ್ತು. ಆ ಸಂಖ್ಯೆ ನೋಡಿ ಡಿಸ್ಕ್ ತುಂಬಿದೆಯೇನೋ, ಫೈಲ್ ದೊಡ್ಡದೇನೋ ಅಂತ ಹೋಗ್ಬೇಡಿ. ಎಸ್‌ಎಫ್‌ಟಿಪೀಲಿ ಮೊದಲು ಬರೋ 4 ಬೈಟು ಮುಂದಿನ ಸಂದೇಶದ ಉದ್ದ. ಅಲ್ಲಿಗೆ ಬೇರೆ ಏನಾದ್ರೂ ಅಕ್ಷರ ನುಗ್ಗಿದ್ರೆ ಅದನ್ನೇ ಉದ್ದ ಅಂದ್ಕೊಳ್ಳುತ್ತೆ. ಈ ಸಂಖ್ಯೆಯನ್ನ ಪ್ರಿಂಟ್‌ಎಫ್ ಇಂದ ಹೆಕ್ಸಿಗೆ ತಿರುಗಿಸಿದ್ರೆ ಇ0 ಬಿ2 ಎ8 ಇ0. ಇ0 ಬಿ2 ಎ8 ಅಂದ್ರೆ ಯುಟಿಎಫ್-8ರಲ್ಲಿ "ನ", ಕೊನೇ ಇ0 ಮುಂದಿನ ಕನ್ನಡ ಅಕ್ಷರದ ಮೊದಲ ಬೈಟು. ಬ್ಯಾಶ್‌ಆರ್‌ಸಿ ತೆಗೆದ್ರೆ ಮೇಲ್ಗಡೆ ಯಾರೋ ಪ್ರೀತಿಯಿಂದ ಎಕೋ "ನಮಸ್ಕಾರ" ಅಂತ ಹಾಕಿದಾರೆ. ಕನ್ನಡ ಅಕ್ಷರದಿಂದ ಶುರುವಾಗೋ ಯಾವ ಸ್ವಾಗತ ಸಾಲು ಹಾಕಿದ್ರೂ ಸಂಖ್ಯೆ 3769ರಿಂದಲೇ ಶುರುವಾಗುತ್ತೆ, ಯಾಕಂದ್ರೆ ನಮ್ಮ ಸ್ವರ ವ್ಯಂಜನಗಳ ಮೊದಲ ಎರಡು ಬೈಟು ಯಾವಾಗ್ಲೂ ಇ0 ಬಿ2. ಇಷ್ಟು ಸ್ಪಷ್ಟವಾಗಿ ತಾನು ಯಾರು ಅಂತ ಹೇಳ್ಕೊಳ್ಳೋ ಎರರ್ ಸಿಗೋದು ಅಪರೂಪ, ನನಗಂತೂ ಇದು ತುಂಬ ಇಷ್ಟ.

ಇದೇ ಕಾಯಿಲೆ ಬೇರೆ ಕಡೆ ಬೇರೆ ಮಾತಲ್ಲಿ ಬರುತ್ತೆ. ಆರ್‌ಸಿಂಕ್ ಆದ್ರೆ "ಪ್ರೋಟೋಕಾಲ್ ವರ್ಷನ್ ಮಿಸ್‌ಮ್ಯಾಚ್, ಈಸ್ ಯುವರ್ ಶೆಲ್ ಕ್ಲೀನ್" ಅಂತ ಕೇಳುತ್ತೆ, ಗಿಟ್ ಆದ್ರೆ "ಬ್ಯಾಡ್ ಲೈನ್ ಲೆಂತ್ ಕ್ಯಾರೆಕ್ಟರ್" ಅಂತ ಹೇಳಿ ಆ ಸ್ವಾಗತದ ಮೊದಲ 4 ಬೈಟನ್ನೇ ತೋರಿಸುತ್ತೆ. ಎಸ್‌ಸಿಪಿ ಕೂಡ ಓಪನ್‌ಎಸ್‌ಎಸ್‌ಎಚ್ 9.0ರಿಂದ, ಅಂದ್ರೆ 2022ರಿಂದ, ಒಳಗೆ ಎಸ್‌ಎಫ್‌ಟಿಪೀನೇ ಬಳಸೋದ್ರಿಂದ ಈಗ ಅದೂ ಈ ಸಂಖ್ಯೆ ತೋರಿಸ್ಬಹುದು.

ಪರಿಹಾರ, ಸ್ವಾಗತವನ್ನ ಕೇಸ್ ರಿಟರ್ನ್ ಸಾಲಿನ ಕೆಳಗೆ ಇಳಿಸಿ, ಮಂಡಿಯವರ ನಮಸ್ಕಾರ ಲಾಗಿನ್ ಆದವರಿಗೆ ಕಾಣ್ತಾನೇ ಇರುತ್ತೆ. ಸ್ಟಾಂಡರ್ಡ್ ಎರರ್‌ಗೆ ಬರೆದಿದ್ದು ಈ ತೊಂದರೆ ಕೊಡಲ್ಲ, ಅದರ ದಾರಿ ಬೇರೆ. ಅದಕ್ಕೇ ಲೊಕೇಲ್ (ಭಾಷೆಯ ಸೆಟ್ಟಿಂಗ್) ಎಚ್ಚರಿಕೆ ಬಂದ್ರೂ ಫೈಲ್ ಬರುತ್ತೆ: ನಿಮ್ಮ ಲ್ಯಾಪ್‌ಟಾಪಲ್ಲಿ ಲ್ಯಾಂಗ್ ಕೆಎನ್_ಐಎನ್ ಅಂತ ಇಟ್ಕೊಂಡಿದ್ರೆ ಎಸ್‌ಎಸ್‌ಎಚ್ ಅದನ್ನ ಸರ್ವರ್‌ಗೂ ಹೊತ್ಕೊಂಡು ಹೋಗುತ್ತೆ, ಅಲ್ಲಿ ಆ ಲೊಕೇಲ್ ಇಲ್ಲದಿದ್ರೆ ಪರ್ಲ್, ಬ್ಯಾಶ್ ಎರಡೂ ಕೂಗ್ತವೆ. 'ಸುಡೋ ಲೊಕೇಲ್-ಜೆನ್ ಕೆಎನ್_ಐಎನ್' ಹೊಡೆದ್ರೆ ಸುಮ್ಮನಾಗ್ತವೆ, ಕನ್ನಡ ತೆಗೆದು ಇಂಗ್ಲಿಷ್ ಮಾಡ್ಕೊಳ್ಳೋ ಅಗತ್ಯ ಇಲ್ಲ.

ಕ್ರಾನ್ ಬೇರೆ ಲೆಕ್ಕ

ಸರ್ವರ್ ಒಳಗೇ ಕ್ರಾನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸೋ ಪ್ರೋಗ್ರಾಂ) ಇಟ್ಟ ಕೆಲಸಕ್ಕೆ ಮೇಲೆ ಹೇಳಿದ ಬ್ಯಾಶ್ ಫೈಲುಗಳ ಮಾತು ಅನ್ವಯ ಆಗಲ್ಲ. ಕ್ರಾನ್ ಕರೆಯೋದು /ಬಿನ್/ಎಸ್‌ಎಚ್, ಉಬುಂಟುನಲ್ಲಿ 2006ರ 6.10ರಿಂದ ಅದು ಡ್ಯಾಶ್, ಬ್ಯಾಶ್ ಅಲ್ಲ, ಬ್ಯಾಶ್‌ಆರ್‌ಸಿ ಮುಟ್ಟೋದೇ ಇಲ್ಲ. ಕ್ರಾನ್‌ಟ್ಯಾಬಿನ ತಲೇಲೇ ಪಾತ್= ಅಂತ ಪೂರ್ತಿ ಬರೀರಿ.

ಕೊನೇ ಪರೀಕ್ಷೆ

ಎಲ್ಲ ತಿದ್ದಿದ ಮೇಲೆ ಲ್ಯಾಪ್‌ಟಾಪಿಂದ ಈ ಎರಡು:

ಎಸ್‌ಎಸ್‌ಎಚ್ ಬೆಲ್ಲ /ಬಿನ್/ಟ್ರೂ | ಡಬ್ಲ್ಯೂಸಿ -ಸಿ
ಎಸ್‌ಎಸ್‌ಎಚ್ ಬೆಲ್ಲ 'ಕಮಾಂಡ್ -ವಿ ನೋಡ್'; ಎಕೋ $?

ಮೊದಲನೇದು 0 ತೋರಿಸ್ಬೇಕು, ಒಂದು ಬೈಟ್ ಜಾಸ್ತಿ ಬಂದ್ರೂ ಎಲ್ಲೋ ಇನ್ನೊಂದು ಎಕೋ ಉಳಿದಿದೆ. ಎರಡನೇದು ~/ನೋಡ್-ಈಗ ಒಳಗಿನ ಪಾತನ್ನೂ ಕೆಳಗೆ 0ಯನ್ನೂ ತೋರಿಸ್ಬೇಕು, ಪಾತ್ ಬರದೆ 1 ಬಂದ್ರೆ ಸಾಲು ಇನ್ನೂ ರಿಟರ್ನಿನ ಕೆಳಗೇ ಇದೆ ಅಂತ. ಎರಡೂ ಸರಿ ಬಂದ್ಮೇಲೆ ಇನ್ನೊಂದು ಟರ್ಮಿನಲ್ಲಲ್ಲಿ ತೆಗೆದಿಟ್ಟ ಸೆಷನ್ ಮುಚ್ಚಬಹುದು.